ಯಜ್ಞ, ಪ್ರಸಾದ, ಕೃಪೆ: ಕಲ್ಯಾಣ-ಹುಮನಾಬಾದುಗಳ ಹಿನ್ನೆಲೆಯಲ್ಲಿ ಕ್ರೈಸ್ತ ಪರಿಭಾಷೆ

ಕ್ರೈಸ್ತಧರ್ಮದ ತಿರುಳು ಒಂದು ಯಜ್ಞವಿಚಾರವಾಗಿದೆ. ಐಶ್ವರ್ಯವಂತನಾದ ಪ್ರಭುವು ಬಡತನವನ್ನು ಕೈಕೊಂಡು ತನ್ನನ್ನೇ ಆಹುತಿಯಾಗಿ ಒಪ್ಪಿಸಿದನೆಂದೂ ಆ ತ್ಯಾಗದಿಂದ ಮಾನವನು ಆತ್ಮಸಂಪತ್ತಿಗೆ ಬಾಧ್ಯನಾದನೆಂದೂ ಪೌಲನ ಪತ್ರಿಕೆಗಳ ತಾತ್ಪರ್ಯ. ಈ ತತ್ತ್ವವನ್ನು ಕನ್ನಡದಲ್ಲಿ ಹೇಳಹೊರಟವರಿಗೆ ಒದಗಿದುವು ನಾಡಿನ ಹಳೆಯ ಮಾತುಗಳೇ. ಅವುಗಳ ಪೂರ್ವಾರ್ಥವನ್ನು ಅರಿಯಲು ಬೀದರ ಜಿಲ್ಲೆಯ ಹುಮನಾಬಾದು ಮತ್ತು ಬಸವಕಲ್ಯಾಣಗಳು ಉಚಿತವಾದ ಎಡೆಗಳು.

ಹುಮನಾಬಾದಿನ ಪ್ರಸಿದ್ಧ ದೈವವು ವೀರಭದ್ರ. ಅಹಂಕಾರದಿಂದ ಹೂಡಿದ ದಕ್ಷನ ಯಜ್ಞವನ್ನು ಕೆಡಿಸಿದವನು ಅವನೆಂದು ಪುರಾಣಗಳು ಹೇಳುತ್ತವೆ. ಕಲ್ಯಾಣದಲ್ಲಿ 12ನೆಯ ಶತಮಾನದ ಶರಣರು ಪಶುವಧೆಯ ಯಜ್ಞವನ್ನು ನಿರಾಕರಿಸಿ, ತನುಮನಧನಗಳ ಸಮರ್ಪಣೆಯನ್ನು ಬೋಧಿಸಿದರು. ಹರಳಯ್ಯ ದಂಪತಿಗಳು ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆಗಳನ್ನು ಮಾಡಿದರೆಂಬ ಐತಿಹ್ಯವು ಈ ಬೋಧೆಯ ಪರಾಕಾಷ್ಠೆ. ಒಪ್ಪಿಸಿದುದು ಪಾವನವಾಗಿ ಭಕ್ತನಿಗೆ ಮರಳುವುದೇ ಪ್ರಸಾದ. ಅಷ್ಟಾವರಣಗಳಲ್ಲಿ ಅದೂ ಒಂದು.

ಕ್ರೈಸ್ತರು ಈ ಶಬ್ದಗಳನ್ನು ಎರಡು ಬಗೆಯಾಗಿ ಬಳಸಿದರು. ಪ್ರೊಟೆಸ್ಟೆಂಟರ ಕನ್ನಡ ಬೈಬಲಿನಲ್ಲಿ ಯಜ್ಞ, ಯಜ್ಞವೇದಿ, ಸರ್ವಾಂಗಹೋಮ ಎಂಬ ವೈದಿಕ ಛಾಯೆಯ ಮಾತುಗಳೊಡನೆ 'ಕೃಪೆ' ನೆಲೆಗೊಂಡಿತು. ಕಥೋಲಿಕರು 'ಬಲಿಪೂಜೆ', 'ವರಪ್ರಸಾದ', 'ಪರಮಪ್ರಸಾದ' ಎಂಬುವನ್ನು ರೂಢಿಗೆ ತಂದರು. 1894ರ ನಿಘಂಟುವಿನಿಂದ ಖ್ಯಾತರಾದ ಫರ್ಡಿನೆಂಡ್ ಕಿಟ್ಟೆಲರು ಅದಕ್ಕೆ ಮುಂಚೆಯೇ, 1872ರಲ್ಲಿ, ಯಜ್ಞವನ್ನು ಕುರಿತು 'ಯಜ್ಞಸುಧಾನಿಧಿ' ಎಂಬ ಕೃತಿಯನ್ನು ಮಂಗಳೂರಿನಲ್ಲಿ ಪ್ರಕಟಿಸಿದರು. ಈ ಒಂದು ಶಬ್ದದ ಮೇಲೆ ಎಷ್ಟು ಭಾರವಿದ್ದಿತೆಂಬುದು ಇದರಿಂದ ವ್ಯಕ್ತವಾಗುತ್ತದೆ.

ಆದರೆ ಶಬ್ದಸಾಮ್ಯದಿಂದ ಅರ್ಥಸಾಮ್ಯವನ್ನು ಊಹಿಸಲಾಗದು. ಹರಳಯ್ಯನ ಕಥೆಯಲ್ಲಿ ಭಕ್ತನು ತನ್ನ ದೇಹವನ್ನು ಕೊಡುತ್ತಾನೆ. ಕ್ರೈಸ್ತ ವಿಶ್ವಾಸದಲ್ಲಿ ಪ್ರಭುವೇ ಕೊಡುತ್ತಾನೆ. ಪ್ರಸಾದಕ್ಕೆ ಭಕ್ತನ ಅರ್ಪಣೆ ಪೂರ್ವಾಂಗ. ಕೃಪೆಗಾದರೋ ಮಾನವನ ಅರ್ಪಣೆ ಉತ್ತರಾಂಗ, ಕೃತಜ್ಞತೆಯ ಫಲ. ಆ ಯಜ್ಞವು ಒಂದೇ ಸಲ ನಡೆದು ಪೂರ್ಣವಾಯಿತೆಂದು ಇಬ್ರಿಯರಿಗೆ ಬರೆದ ಪತ್ರಿಕೆಯ ಮತ. 'ಪ್ರಸಾದ'ವನ್ನು ಬಿಟ್ಟು 'ಕೃಪೆ'ಯನ್ನು ಹಿಡಿದುದರಲ್ಲಿ ಈ ಭೇದವು ಉಳಿಯುತ್ತದೆ. 'ವರಪ್ರಸಾದ'ದಲ್ಲಿ 'ವರ'ವೆಂಬ ಪೂರ್ವಪದವೇ ಅದನ್ನು ಕಾಯುತ್ತದೆ.

ನಿಜಾಮನ ಆಳಿಕೆಯಲ್ಲಿ ಮೆಥೊಡಿಸ್ಟ್ ಮಿಷನ್ನಿನವರು ಬೀದರ ಸೀಮೆಯಲ್ಲಿ ಸುವಾರ್ತೆಯನ್ನು ಸಾರಿದಾಗ, ದಕ್ಷಯಜ್ಞದ ಕಥೆಯನ್ನೂ ಶರಣರ ಚರಿತ್ರೆಯನ್ನೂ ಬಲ್ಲ ನಾಡಿನಲ್ಲಿಯೇ ಈ ಮಾತುಗಳು ಕೇಳಿಬಂದುವು. ಮತಗಳು ಬೇರೆಯಾದರೂ, ಪಡೆದುದರಿಂದಲ್ಲ, ಕೊಟ್ಟುದರಿಂದಲೇ ಆತ್ಮವು ಸಂಪನ್ನವಾಗುವುದೆಂಬ ನಂಬಿಕೆ ಎರಡಕ್ಕೂ ಸಮಾನ. ಕೊಡುವವರಲ್ಲಿ ಮೊದಲಿಗರಾರು ಎಂಬಲ್ಲಿ ಮಾತ್ರ ದಾರಿಗಳು ಕವಲೊಡೆಯುತ್ತವೆ.