ಶೋಸೋಂ, ಆನ್-ಕ್ಯಾರೊಲಿನ್

ಬಿಎಂಎಕ್ಸ್ ಮತ್ತು ಮೌಂಟನ್ ಬೈಕ್ ಎರಡರಲ್ಲೂ ವಿಶ್ವದ ಅಗ್ರಸ್ಥಾನಕ್ಕೇರಿದ ಫ್ರೆಂಚ್ ಸೈಕಲ್ ಸ್ಪರ್ಧಿ. ಹುಟ್ಟಿದ್ದು 1977ರ ಅಕ್ಟೋಬರ್ 8ರಂದು, ದಿಜೋಂ ನಗರದಲ್ಲಿ. ಚಿಕ್ಕಂದಿನಲ್ಲೇ ಬಿಎಂಎಕ್ಸ್ ಸೈಕಲ್ ಹತ್ತಿದ ಇವರು ಹದಿಹರೆಯದಲ್ಲಿ ಮೌಂಟನ್ ಬೈಕಿನತ್ತ ತಿರುಗಿದರು. ಬೆಟ್ಟದ ತುದಿಯಿಂದ ಕಲ್ಲು, ಬೇರು, ಕೊರಕಲುಗಳ ಮೇಲೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಇಳಿಯುವ ಡೌನ್‌ಹಿಲ್ ಇವರ ಮುಖ್ಯ ಕ್ಷೇತ್ರ. 1996ರಿಂದ 2003ರವರೆಗೆ ಸತತ ಎಂಟು ಬಾರಿ, ಮತ್ತೆ 2005ರಲ್ಲಿ, ಹಿರಿಯರ ವಿಶ್ವಪ್ರಶಸ್ತಿ ಗೆದ್ದರು. ಅಂಥ ಅಪಾಯದ ಆಟದಲ್ಲಿ ಇಷ್ಟು ದೀರ್ಘಕಾಲ ಅಗ್ರಸ್ಥಾನದಲ್ಲಿ ನಿಂತದ್ದು ಅಸಾಧಾರಣ ಸಾಧನೆ. ನಾಲ್ವರು ಒಟ್ಟಿಗೆ ನುಗ್ಗುವ ಫೋರ್-ಕ್ರಾಸ್‌ನಲ್ಲೂ 2002 ಮತ್ತು 2003ರ ವಿಶ್ವಪ್ರಶಸ್ತಿ ಇವರದೇ.

2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಬಿಎಂಎಕ್ಸ್ ಮೊದಲ ಬಾರಿ ಸೇರಿದಾಗ, 20 ಇಂಚಿನ ಗಾಲಿಯ ಪುಟ್ಟ ಸೈಕಲ್ಲಿಗೆ ಮರಳಿದರು. ಫೈನಲ್‌ನಲ್ಲಿ ಮುಂದಿದ್ದ ಇವರನ್ನು ಕೊನೆಯ ತಿರುವಿನಲ್ಲಿ ಹಿಂದಿಕ್ಕಲು ಹೋದ ಬ್ರಿಟನ್ನಿನ ಶಾನೇಜ್ ರೀಡ್ ಆಯತಪ್ಪಿ ಬಿದ್ದರು. ಶೋಸೋಂ 36 ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಗುರಿ ಮುಟ್ಟಿ ಚಿನ್ನ ಪಡೆದರು. ಬೆಳ್ಳಿ ಸ್ವದೇಶದವರೇ ಆದ ಲೆಟಿಶಿಯಾ ಲೆ ಕೊರ್ಗಿಯೆ ಪಾಲಾಯಿತು. ಕಂಚು ಗೆದ್ದ ಅಮೆರಿಕದ ಜಿಲ್ ಕಿಂಟ್ನರ್ ಕೂಡ ಫೋರ್-ಕ್ರಾಸ್‌ನ ವಿಶ್ವ ಚಾಂಪಿಯನ್. ಆಮೇಲೆ ಶೋಸೋಂ ಮೌಂಟನ್ ಬೈಕಿನ ಎಂಡ್ಯೂರೊ ಸ್ಪರ್ಧೆಗಳಿಗೆ ಇಳಿದರು.