ಪೆನ್ನಿನ ಮೈಗೆ ಮರದ ಸೊನೆ

ಜಪಾನಿನ ಪೈಲಟ್ ಕಂಪನಿ ‘ನಮಿಕಿ’ ಹೆಸರಿನಲ್ಲಿ ಮಾರುವ ‘ಎಂಪರರ್’ ಪೆನ್ನು ಸುಮಾರು ಹದಿನೇಳು ಸೆಂಟಿಮೀಟರ್ ಉದ್ದ, ಹೆಬ್ಬೆರಳಿನಷ್ಟು ದಪ್ಪ. ಅಂಗಿಯ ಜೇಬಿಗೆ ಅದು ಸಲೀಸಾಗಿ ಇಳಿಯುವುದಿಲ್ಲ. ಬೆಲೆಯೂ ಲಕ್ಷಗಳಲ್ಲಿ. ಇಂಥ ಪೆನ್ನುಗಳ ಜಾಹೀರಾತುಗಳಲ್ಲಿ ‘ಶತಮಾನಗಳ ಪರಂಪರೆ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ನನ್ನ ತಕರಾರು ಈ ಮಾತಿನ ಮೇಲೆಯೇ.

ನಮಿಕಿ ರ್‍ಯೋಸುಕೆ ನೌಕಾ ತರಬೇತಿ ಶಾಲೆಯಲ್ಲಿ ಪಾಠ ಹೇಳಿದ್ದ ಎಂಜಿನಿಯರ್. ಗೆಳೆಯ ವಾಡಾ ಮಸಾವೊ ಜೊತೆ ಸೇರಿ 1918ರಲ್ಲಿ ಟೋಕಿಯೊದಲ್ಲಿ ಕಂಪನಿ ಕಟ್ಟಿದ. ಆ ಕಾಲದ ಪೆನ್ನುಗಳ ಮೈ ಎಬೊನೈಟಿನದು, ಅಂದರೆ ಗಂಧಕ ಬೆರೆಸಿ ಬೇಯಿಸಿ ಗಟ್ಟಿ ಮಾಡಿದ ರಬ್ಬರು. ಕಡೆಯಲು ಸುಲಭ, ಶಾಯಿಗೆ ಕೆಡದು. ಆದರೆ ಬೆಳಕು, ತೇವ ತಾಗುತ್ತ ಹೋದಂತೆ ಅದರ ಮಿರುಗುವ ಕಪ್ಪು ಮಾಸಿ ಕಂದಾಗುತ್ತದೆ. ಈ ದೋಷಕ್ಕೆ 1925ರ ಹೊತ್ತಿಗೆ ಸಿಕ್ಕ ಪರಿಹಾರ ‘ಉರುಶಿ’ ಲೇಪ. ಜಪಾನಿನಲ್ಲಿ ಉರುಶಿ ಸಾವಿರಾರು ವರ್ಷ ಹಳೆಯದು, ನಿಜ. ಪೆನ್ನಿನ ಮೈಗೆ ಅದು ಬಂದದ್ದು ಮಾತ್ರ ಕಾರ್ಖಾನೆಯ ರಬ್ಬರಿನ ಮಾನ ಉಳಿಸಲು.

ಉರುಶಿಯನ್ನು ನಾನು ಬಹುಕಾಲ ಚನ್ನಪಟ್ಟಣದ ಬೊಂಬೆಗಳ ಅರಗಿನಂಥದ್ದೇ ಎಂದು ತಿಳಿದಿದ್ದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ಲ್ಯಾಕರ್’ ಎನ್ನುತ್ತಾರೆ, ಆ ಪದದ ಬೇರು ಸಂಸ್ಕೃತದ ‘ಲಾಕ್ಷಾ’. ಆದರೆ ಅರಗು ಕೀಟ ಸ್ರವಿಸುವ ಅಂಟು. ಉರುಶಿ ಮರದ ಸೊನೆ. ಮರವೂ ನಮ್ಮ ಮಾವು, ಗೇರುಗಳ ಕುಟುಂಬದ್ದೇ. ಮಾವಿನಕಾಯಿ ಕೀಳುವಾಗ ಸೊನೆ ಸಿಡಿದು ತುಟಿ ಸುಟ್ಟುಕೊಂಡವರಿಗೆ ಅದರ ಗುಣ ವಿವರಿಸಬೇಕಿಲ್ಲ. ಹಸಿ ಉರುಶಿ ತಾಗಿದರೆ ಮೈ ತುರಿಸಿ ಬೊಬ್ಬೆ ಏಳುತ್ತದೆ. ಇನ್ನೊಂದು ವಿಚಿತ್ರವೆಂದರೆ ಅದು ಬಿಸಿಲಿಗೆ ಒಣಗುವುದಿಲ್ಲ, ತೇವದಲ್ಲಿ ಗಟ್ಟಿಯಾಗುತ್ತದೆ. ಲೇಪಿಸಿದ ಪೆನ್ನನ್ನು ಕುಶಲಕರ್ಮಿಗಳು ತೇವವಿರುವ ಮರದ ಕಪಾಟಿನಲ್ಲಿಡುತ್ತಾರೆ. ಗಟ್ಟಿಯಾದ ಮೇಲೆ ಉಜ್ಜಿ, ಮತ್ತೆ ಲೇಪಿಸಿ, ಮತ್ತೆ ಕಪಾಟಿಗೆ. ತಿಂಗಳುಗಳೇ ಹಿಡಿಯುತ್ತವೆ. ಆಮೇಲೆ ಹಸಿ ಉರುಶಿಯಲ್ಲಿ ಚಿತ್ರ ಬರೆದು ಚಿನ್ನದ ಪುಡಿ ಉದುರಿಸಿದರೆ ಅದು ‘ಮಕಿ-ಎ’, ಅಂದರೆ ಉದುರಿಸಿದ ಚಿತ್ರ.

1930ರಲ್ಲಿ ಲಂಡನ್ನಿನ ಆಲ್‌ಫ್ರೆಡ್ ಡನ್‌ಹಿಲ್ ಕಂಪನಿಯೊಡನೆ ಒಪ್ಪಂದವಾಗಿ, ‘ಡನ್‌ಹಿಲ್-ನಮಿಕಿ’ ಎಂಬ ಜೋಡಿ ಹೆಸರಿನಲ್ಲಿ ಪೆನ್ನುಗಳು ಪಶ್ಚಿಮದ ಶ್ರೀಮಂತರ ಕೈ ಸೇರಿದವು. ಮರುವರ್ಷ ಮತ್ಸುದಾ ಗೊನ್ರೊಕು ನೇತೃತ್ವದಲ್ಲಿ ಮಕಿ-ಎ ಕಲಾವಿದರು ‘ಕೊಕ್ಕೊಕಾಯ್’ ಎಂಬ ಬಳಗ ಕಟ್ಟಿದರು. ಪೆನ್ನಿನ ಮೇಲೆ ಕಲಾವಿದರು ಸ್ವಂತ ಸಹಿ ಹಾಕುತ್ತಿದ್ದರು. ಇದು ನನಗೆ ಚಿನ್ನಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಕಾರ್ಖಾನೆಯ ಸರಕಿನ ಮೇಲೆ ಕೆಲಸಗಾರನ ಹೆಸರು ಉಳಿಯುವುದು ಅಪರೂಪ. 1955ರಲ್ಲಿ ಜಪಾನ್ ಸರ್ಕಾರ ಮತ್ಸುದಾರನ್ನು ‘ಜೀವಂತ ರಾಷ್ಟ್ರೀಯ ನಿಧಿ’ಗಳಲ್ಲಿ ಒಬ್ಬರೆಂದು ಗೌರವಿಸಿತು.

ಇಷ್ಟೆಲ್ಲ ವೈಭವದ ಎಂಪರರ್‌ಗೆ ಶಾಯಿ ತುಂಬುವುದು ಮಾತ್ರ ನಮ್ಮ ಅಜ್ಜಂದಿರ ಪೆನ್ನಿನ ಹಾಗೆಯೇ: ಕತ್ತು ತಿರುಗಿಸಿ ಬಿಚ್ಚಿ, ಡ್ರಾಪರಿನಿಂದ ಹನಿಹನಿಯಾಗಿ. ಸೋರದಿರಲೆಂದು ಒಳಗೊಂದು ಬಿರಡೆಯಿದೆ. ಬರೆಯುವ ಮುನ್ನ ಪೆನ್ನಿನ ಬಾಲದ ತಿರುಪನ್ನು ತುಸು ಸಡಿಲಿಸಬೇಕು. ಮರೆತರೆ ಸ್ವಲ್ಪ ಹೊತ್ತಿನಲ್ಲೇ ನಿಬ್ಬು ಒಣಗಿ ನಿಲ್ಲುತ್ತದೆ.