ಒಂದು ಡಾಲರ್ ಕರಾರು, ಸಮಾನ ಕೂಲಿಯ ಆಟ

ತುಂಗಭದ್ರೆಯ ಕಾಲುವೆಗೆ ನೀರು ಬಂತೆಂದರೆ ಸಿರುಗುಪ್ಪದ ಗದ್ದೆಗಳಲ್ಲಿ ಭತ್ತದ ನಾಟಿ ಆರಂಭವಾಗುತ್ತದೆ. ಹೊತ್ತು ಮೂಡುವ ಮೊದಲೇ ಹೆಂಗಸರ ಗುಂಪುಗಳು ಆಟೊ, ಟ್ರ್ಯಾಕ್ಟರುಗಳಲ್ಲಿ ಬಂದು ಕೆಸರಿಗೆ ಇಳಿಯುತ್ತವೆ. ಕುರುಗೋಡಿನ ಹೊಲಗಳಲ್ಲಿ ಮೆಣಸಿನಕಾಯಿ ಬಿಡಿಸುವವರಲ್ಲೂ ಹೆಂಗಸರೇ ಹೆಚ್ಚು. ಬಳ್ಳಾರಿ ನಗರದ ಹೆಸರನ್ನು ದೂರದ ಊರುಗಳಿಗೆ ಒಯ್ದ ಜೀನ್ಸ್ ಪ್ಯಾಂಟುಗಳ ಹಿಂದೆಯೂ ಹೆಂಗಸರ ದುಡಿಮೆ ಇದೆ. ಆದರೆ ಸಂಜೆ ಕೂಲಿ ಎಣಿಸುವಾಗ ಹಳೆಯ ಲೆಕ್ಕವೊಂದು ಎದುರಾಗುತ್ತದೆ. ಗಂಡಾಳಿಗೆ ಒಂದು ದರ, ಹೆಣ್ಣಾಳಿಗೆ ಅದಕ್ಕಿಂತ ಕಡಿಮೆ ದರ. ದೇಶದ ಬಹುತೇಕ ಹಳ್ಳಿಗಳಲ್ಲಿ ಕೃಷಿ ಕೂಲಿಯ ರೂಢಿ ಇದೇ.

ಈ ಗದ್ದೆಗಳಿಗೂ ಕೋಟಿಗಟ್ಟಲೆ ರೂಪಾಯಿಯ ಮಹಿಳಾ ಟೆನಿಸ್‌ಗೂ ಏನು ಸಂಬಂಧ ಎಂದು ಓದುಗರು ಕೇಳಬಹುದು. ಸಂಬಂಧವಿರುವುದು ಆಟದಲ್ಲಲ್ಲ, ಕೂಲಿಯಲ್ಲಿ. ಇಂದು ಟಿ.ವಿ. ಪರದೆಯ ಮೇಲೆ ಮಿಂಚುವ ಅರಿನಾ ಸಬಲೆಂಕಾ, ಇಗಾ ಸ್ವಿಯಾಟೆಕ್, ಕೊಕೊ ಗಾಫ್ ಮುಂತಾದವರ ಸಿರಿವಂತಿಕೆ ಅವರ ರ‍್ಯಾಕೆಟ್‌ನಿಂದ ಮಾತ್ರ ಬಂದದ್ದಲ್ಲ. ಐದೂವರೆ ದಶಕಗಳ ಹಿಂದೆ ಒಂಬತ್ತು ಮಂದಿ ಆಟಗಾರ್ತಿಯರು ಕೂಲಿ ತಾರತಮ್ಯದ ವಿರುದ್ಧ ಹೂಡಿದ ಮುಷ್ಕರದಂಥ ಬಂಡಾಯದ ಫಲವದು.

ಹವ್ಯಾಸದಿಂದ ದುಡಿಮೆಗೆ

ವಿಂಬಲ್ಡನ್ ಟೂರ್ನಿ ಆರಂಭವಾದದ್ದು 1877ರಲ್ಲಿ. ಮಹಿಳೆಯರಿಗೆ ಅಲ್ಲಿ ಅವಕಾಶ ಸಿಕ್ಕಿದ್ದು ಏಳು ವರ್ಷಗಳ ನಂತರ, 1884ರಲ್ಲಿ. ಮೊದಲ ಸಲ 13 ಮಂದಿ ಆಡಿದರು. ಫೈನಲ್‌ನಲ್ಲಿ ಮಾಡ್ ವಾಟ್ಸನ್ ತನ್ನ ಅಕ್ಕ ಲಿಲಿಯನ್‌ಳನ್ನು ಸೋಲಿಸಿ ಗೆದ್ದಳು. ಆಗ ಟೆನಿಸ್ ಉಳ್ಳವರ ಹವ್ಯಾಸ. ಆಡಿ ಹಣ ಪಡೆಯುವುದು ಮರ್ಯಾದೆಗೆ ಕುಂದು ಎಂಬ ಭಾವನೆ ಇತ್ತು. 1926ರಲ್ಲಿ ಫ್ರಾನ್ಸ್‌ನ ಸುಝಾನ್ ಲೆಂಗ್ಲೆನ್ 50 ಸಾವಿರ ಡಾಲರ್ ಪಡೆದು ಅಮೆರಿಕದಲ್ಲಿ ಪ್ರದರ್ಶನ ಪಂದ್ಯಗಳನ್ನು ಆಡಲು ಒಪ್ಪಿದಾಗ ದೊಡ್ಡ ಗದ್ದಲವೇ ಆಯಿತು. ವೃತ್ತಿಪರಳೆನಿಸಿದ ಆಕೆಗೆ ವಿಂಬಲ್ಡನ್ ಬಾಗಿಲು ಮುಚ್ಚಿತು.

ಭಾರತಕ್ಕೆ ಈ ಆಟ ಬಂದದ್ದು ಬ್ರಿಟಿಷರ ದಂಡು, ಕ್ಲಬ್ಬುಗಳ ಜತೆಗೆ. ಬಳ್ಳಾರಿಯೂ ಅಂಥ ದಂಡಿದ್ದ ಊರೇ. ಆ ಕ್ಲಬ್ಬುಗಳ ಅಂಗಳ ಜನಸಾಮಾನ್ಯರಿಗಂತೂ ತೆರೆದಿರಲಿಲ್ಲ. ಅಂಥ ಕಾಲದಲ್ಲಿ, 1934ರಲ್ಲಿ, ಲೀಲಾ ರಾವ್ ವಿಂಬಲ್ಡನ್‌ನಲ್ಲಿ ಪಂದ್ಯವೊಂದನ್ನು ಗೆದ್ದ ಮೊದಲ ಭಾರತೀಯ ಮಹಿಳೆ ಎನಿಸಿದರು. ಅವರ ತಾಯಿ ಕ್ಷಮಾ ರಾವ್ ಸಂಸ್ಕೃತದಲ್ಲಿ ಬರೆಯುತ್ತಿದ್ದ ವಿದುಷಿ, ಟೆನಿಸ್ ಆಟಗಾರ್ತಿ ಕೂಡ.

ಹವ್ಯಾಸಿ, ವೃತ್ತಿಪರ ಎಂಬ ಭೇದ ಅಳಿದದ್ದು 1968ರಲ್ಲಿ. ಪ್ರಮುಖ ಟೂರ್ನಿಗಳು ಎಲ್ಲರಿಗೂ ಮುಕ್ತವಾದವು. ಬಹುಮಾನದ ಹಣ ಬಹಿರಂಗವಾಗಿಯೇ ಬಂತು, ಜತೆಗೆ ತಾರತಮ್ಯವೂ ಬಯಲಾಯಿತು. ಆ ವರ್ಷ ವಿಂಬಲ್ಡನ್ ಗೆದ್ದ ರಾಡ್ ಲೇವರ್‌ಗೆ ಸಿಕ್ಕಿದ್ದು 2,000 ಪೌಂಡ್. ಮಹಿಳಾ ಪ್ರಶಸ್ತಿ ಗೆದ್ದ ಬಿಲ್ಲಿ ಜೀನ್ ಕಿಂಗ್‌ಗೆ 750 ಪೌಂಡ್. ಎರಡು ವರ್ಷಗಳ ನಂತರ ರೋಮ್‌ನ ಇಟಲಿ ಓಪನ್‌ನಲ್ಲಿ ಪುರುಷರ ವಿಜೇತ ಇಲಿ ನಸ್ಟಾಸೆಗೆ 3,500 ಡಾಲರ್ ಕೊಟ್ಟರೆ, ಕಿಂಗ್‌ಗೆ ಕೊಟ್ಟಿದ್ದು 600 ಡಾಲರ್ ಮಾತ್ರ.

ಹ್ಯೂಸ್ಟನ್‌ನ ಒಂಬತ್ತು ಮಂದಿ

ತಾಳ್ಮೆಯ ಕಟ್ಟೆ ಒಡೆದದ್ದು ಅದೇ 1970ರ ಸೆಪ್ಟೆಂಬರ್‌ನಲ್ಲಿ. ಲಾಸ್ ಏಂಜಲಿಸ್‌ನ ಟೂರ್ನಿಯೊಂದರಲ್ಲಿ ಪುರುಷರ ಮೊದಲ ಬಹುಮಾನ 12,500 ಡಾಲರ್, ಮಹಿಳೆಯರದು 1,500 ಡಾಲರ್ ಎಂದು ಪ್ರಕಟವಾಯಿತು. ಅಂದರೆ ಎಂಟು ಪಟ್ಟಿಗೂ ಹೆಚ್ಚಿನ ಅಂತರ. ಕ್ವಾರ್ಟರ್‌ಫೈನಲ್ ತಲುಪದ ಮಹಿಳೆಯರಿಗೆ ಏನೂ ಇಲ್ಲ. ಸಂಘಟಕ ಜಾಕ್ ಕ್ರಾಮರ್ ಸ್ವತಃ ಹೆಸರಾಂತ ಆಟಗಾರನಾಗಿದ್ದವರು. ಆಟಗಾರ್ತಿಯರ ಮನವಿಗೆ ಅವರು ಜಗ್ಗಲಿಲ್ಲ.

ಆಗ ನೆರವಿಗೆ ಬಂದವರು ‘ವರ್ಲ್ಡ್ ಟೆನಿಸ್’ ಪತ್ರಿಕೆಯ ಸಂಪಾದಕಿ ಗ್ಲಾಡಿಸ್ ಹೆಲ್ಡ್‌ಮನ್. ಟೆಕ್ಸಾಸ್‌ನ ಹ್ಯೂಸ್ಟನ್ ನಗರದಲ್ಲಿ ಮಹಿಳೆಯರಿಗಾಗಿಯೇ ಪ್ರತ್ಯೇಕ ಟೂರ್ನಿಯೊಂದನ್ನು ಅವರು ಏರ್ಪಡಿಸಿದರು. ಒಟ್ಟು ಬಹುಮಾನ 7,500 ಡಾಲರ್. ಟೂರ್ನಿಗೆ ಅಧಿಕೃತ ಒಪ್ಪಿಗೆ ಸಿಗಲಿಲ್ಲ. ಆಡಿದವರನ್ನು ಅಮಾನತು ಮಾಡುವ ಬೆದರಿಕೆ ಬಂತು. ಸೆಪ್ಟೆಂಬರ್ 23ರಂದು ಒಂಬತ್ತು ಮಂದಿ ಹೆಲ್ಡ್‌ಮನ್ ಅವರೊಂದಿಗೆ ಕರಾರಿಗೆ ಸಹಿ ಹಾಕಿದರು. ಕರಾರಿನ ಮೊತ್ತ ತಲಾ ಒಂದು ಡಾಲರ್! ಆ ಒಂದು ಡಾಲರ್ ನೋಟು ಹಿಡಿದು ನಗುತ್ತಿರುವ ಅವರ ಚಿತ್ರ ಕ್ರೀಡಾ ಇತಿಹಾಸದ ಪ್ರಸಿದ್ಧ ಚಿತ್ರಗಳಲ್ಲಿ ಒಂದು.

ಬಿಲ್ಲಿ ಜೀನ್ ಕಿಂಗ್, ರೋಸಿ ಕಸಾಲ್ಸ್, ನ್ಯಾನ್ಸಿ ರಿಚಿ, ಜೂಲಿ ಹೆಲ್ಡ್‌ಮನ್, ಪೀಚಸ್ ಬಾರ್ಟ್ಕೋವಿಚ್, ಕ್ರಿಸ್ಟಿ ಪಿಜನ್, ವ್ಯಾಲರಿ ಝೀಗನ್‌ಫಸ್ ಅಮೆರಿಕದವರು. ಜೂಡಿ ಡಾಲ್ಟನ್, ಕೆರಿ ಮೆಲ್ವಿಲ್ ಆಸ್ಟ್ರೇಲಿಯಾದವರು. ಹ್ಯೂಸ್ಟನ್ ಟೂರ್ನಿಯನ್ನು ಕಸಾಲ್ಸ್ ಗೆದ್ದರು. ಅಮೆರಿಕ, ಆಸ್ಟ್ರೇಲಿಯಾದ ಟೆನಿಸ್ ಸಂಸ್ಥೆಗಳು ಬೆದರಿಕೆಯನ್ನು ನಿಜ ಮಾಡಿದವು. ಆದರೆ ಆಟಗಾರ್ತಿಯರು ಹಿಂದೆ ಸರಿಯಲಿಲ್ಲ. ಊರಿಂದೂರಿಗೆ ಹೋಗಿ ಆಡಿದರು, ಪತ್ರಿಕೆಗಳವರನ್ನು ತಾವೇ ಕರೆದು ಮಾತನಾಡಿದರು. ಮರು ವರ್ಷವೇ ಕಿಂಗ್ ಒಂದು ಲಕ್ಷ ಡಾಲರ್ ಗಳಿಸಿದರು. ಒಂದೇ ವರ್ಷದಲ್ಲಿ ಅಷ್ಟು ಗಳಿಸಿದ ಮೊದಲ ಕ್ರೀಡಾಪಟು ಮಹಿಳೆ ಅವರು.

ಇಲ್ಲೊಂದು ವಿಪರ್ಯಾಸವನ್ನೂ ಹೇಳಬೇಕು. ಈ ಬಂಡಾಯಕ್ಕೆ ಹಣ ಒದಗಿಸಿದ್ದು ಮಹಿಳೆಯರಿಗೆಂದೇ ‘ವರ್ಜೀನಿಯಾ ಸ್ಲಿಮ್ಸ್’ ಸಿಗರೇಟು ಮಾರುತ್ತಿದ್ದ ಕಂಪೆನಿ. ಸ್ವಾತಂತ್ರ್ಯದ ಹೆಸರಿನಲ್ಲಿ ಹೊಗೆಸೊಪ್ಪನ್ನೂ ಮಾರಿದ ಆ ಪ್ರಾಯೋಜಕತ್ವ ಮಹಿಳಾ ಟೆನಿಸ್‌ನ ಹಳೆಯ ಕಳಂಕ. ಬೇರೆ ಯಾರೂ ಕೈಹಿಡಿಯದಿದ್ದಾಗ ಸಿಕ್ಕಿದ ಆಸರೆಯೂ ಅದೇ.

ಸಂಘ ಕಟ್ಟಿದ ಬಲ

1973ರ ಜೂನ್‌ನಲ್ಲಿ, ವಿಂಬಲ್ಡನ್‌ಗೆ ಕೆಲವೇ ದಿನಗಳ ಮುನ್ನ, ಲಂಡನ್ನಿನ ಹೋಟೆಲೊಂದರಲ್ಲಿ ಆಟಗಾರ್ತಿಯರು ಸಭೆ ಸೇರಿದರು. ಒಮ್ಮತಕ್ಕೆ ಬರುವವರೆಗೆ ಯಾರೂ ಹೊರಹೋಗದಂತೆ ನೆದರ್ಲೆಂಡ್ಸ್‌ನ ಬೆಟ್ಟಿ ಸ್ಟೋವ್ ಬಾಗಿಲು ಕಾದರು. ಹೀಗೆ ಹುಟ್ಟಿದ್ದು ಮಹಿಳಾ ಟೆನಿಸ್ ಸಂಘ, ಅಂದರೆ ಡಬ್ಲ್ಯುಟಿಎ. ಅದೇ ವರ್ಷ ಅಮೆರಿಕ ಓಪನ್ ಟೂರ್ನಿ ಗಂಡು ಹೆಣ್ಣೆಂಬ ಭೇದವಿಲ್ಲದೆ ವಿಜೇತರಿಬ್ಬರಿಗೂ ತಲಾ 25 ಸಾವಿರ ಡಾಲರ್ ಕೊಟ್ಟಿತು. ಸೆಪ್ಟೆಂಬರ್ 20ರಂದು ಹ್ಯೂಸ್ಟನ್‌ನ ಆಸ್ಟ್ರೋಡೋಮ್‌ನಲ್ಲಿ 29ರ ಹರೆಯದ ಕಿಂಗ್, ಹೆಂಗಸರ ಆಟವನ್ನು ಹೀಗಳೆಯುತ್ತಿದ್ದ 55 ವರ್ಷದ ಮಾಜಿ ಚಾಂಪಿಯನ್ ಬಾಬಿ ರಿಗ್ಸ್ ಅವರನ್ನು 6–4, 6–3, 6–3ರಿಂದ ಸೋಲಿಸಿದರು. 30 ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ಸೇರಿದ್ದ ಆ ಪಂದ್ಯವನ್ನು ಕೋಟ್ಯಂತರ ಜನ ಟಿ.ವಿ.ಯಲ್ಲಿ ನೋಡಿದರು.

1975ರಲ್ಲಿ ಕಂಪ್ಯೂಟರ್ ಲೆಕ್ಕದ ರ‍್ಯಾಂಕಿಂಗ್ ಪಟ್ಟಿ ಬಂತು. ಅದರ ಮೊದಲ ಅಗ್ರ ಆಟಗಾರ್ತಿ ಕ್ರಿಸ್ ಎವರ್ಟ್. ಲೆಕ್ಕದ ಕ್ರಮ ಸರಳ. ಹಿಂದಿನ 52 ವಾರಗಳ ಟೂರ್ನಿಗಳಲ್ಲಿ ಗಳಿಸಿದ ಅಂಕಗಳನ್ನು ಕೂಡಿ ಸ್ಥಾನ ನಿರ್ಧರಿಸುತ್ತಾರೆ. ಗ್ರ್ಯಾಂಡ್ ಸ್ಲಾಮ್ ಗೆದ್ದರೆ 2,000 ಅಂಕ. ಅದರ ಕೆಳಗೆ ವಿಜೇತೆಗೆ 1,000, 500, 250 ಅಂಕ ಕೊಡುವ ಟೂರ್ನಿಗಳಿವೆ. ವರ್ಷ ತುಂಬಿದ ಅಂಕ ಕಳಚಿ ಬೀಳುತ್ತದೆ. ಆದ್ದರಿಂದ ಗೆದ್ದವಳು ಮುಂದಿನ ವರ್ಷ ಮತ್ತೆ ಗೆಲ್ಲಬೇಕು, ಇಲ್ಲವೇ ಜಾರಬೇಕು.

ಸಮಾನ ಬಹುಮಾನದ ವಿಚಾರದಲ್ಲಿ ಕೊನೆಯವರೆಗೂ ಬಿಗಿಯಾಗಿದ್ದದ್ದು ವಿಂಬಲ್ಡನ್ ಮತ್ತು ಫ್ರೆಂಚ್ ಓಪನ್. ಅಮೆರಿಕದ ವೀನಸ್ ವಿಲಿಯಮ್ಸ್ 2006ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆಯಲ್ಲಿ ಬಹಿರಂಗವಾಗಿಯೇ ಬರೆದು ಪ್ರಶ್ನಿಸಿದರು. 2007ರಲ್ಲಿ ಎರಡೂ ಟೂರ್ನಿಗಳು ಮಣಿದವು. ಆ ವರ್ಷ ವಿಂಬಲ್ಡನ್‌ನಲ್ಲಿ ಪುರುಷರಷ್ಟೇ ಹಣ ಪಡೆದ ಮೊದಲ ಮಹಿಳೆ ಸ್ವತಃ ವೀನಸ್. ಕಿಂಗ್ 750 ಪೌಂಡ್ ಪಡೆದು 39 ವರ್ಷಗಳಾಗಿದ್ದವು.

ಇಂದಿನ ಅಗ್ರರು

ಈ ಭೂಮಿಕೆಯ ಮೇಲೆ ಇಂದಿನ ತಾರೆಯರನ್ನು ನೋಡಬೇಕು. 2025ನೇ ವರ್ಷ ಮುಗಿದಾಗ ಪಟ್ಟಿಯ ತುದಿಯಲ್ಲಿ ಇದ್ದವರು ಬೆಲಾರಸ್‌ನ ಸಬಲೆಂಕಾ. 2023 ಮತ್ತು 2024ರ ಆಸ್ಟ್ರೇಲಿಯಾ ಓಪನ್, 2024 ಮತ್ತು 2025ರ ಅಮೆರಿಕ ಓಪನ್ ಅವರ ಪಾಲಾದವು. ಗುಂಡಿನಂಥ ಸರ್ವ್ ಅವರ ಬಲ. ಒಂದು ಕಾಲದಲ್ಲಿ ಅದೇ ಸರ್ವ್ ಕೈಕೊಟ್ಟು, ಪಂದ್ಯವೊಂದರಲ್ಲೇ ಹಲವಾರು ಡಬಲ್ ಫಾಲ್ಟ್ ಮಾಡುತ್ತಿದ್ದುದೂ ಉಂಟು. 2025ರ ಅಮೆರಿಕ ಓಪನ್ ಗೆಲುವಿಗೆ ಅವರು ಪಡೆದದ್ದು 50 ಲಕ್ಷ ಡಾಲರ್, ಅಂದರೆ ಸುಮಾರು 44 ಕೋಟಿ ರೂಪಾಯಿ. ಪುರುಷರ ವಿಜೇತ ಕಾರ್ಲೋಸ್ ಅಲ್ಕರಾಜ್‌ಗೂ ಅಷ್ಟೇ.

ಎರಡನೆಯ ಸ್ಥಾನದಲ್ಲಿದ್ದವರು ಪೋಲೆಂಡ್‌ನ ಸ್ವಿಯಾಟೆಕ್. ಅವರ ತಂದೆ 1988ರ ಒಲಿಂಪಿಕ್ಸ್‌ನಲ್ಲಿ ದೋಣಿ ಹುಟ್ಟು ಹಾಕಿದವರು. ಮಣ್ಣಿನ ಅಂಕಣದ ರಾಣಿ ಎನಿಸಿದ ಅವರು 2020, 2022, 2023, 2024ರಲ್ಲಿ ಫ್ರೆಂಚ್ ಓಪನ್ ಗೆದ್ದರು. 2025ರ ವಿಂಬಲ್ಡನ್ ಫೈನಲ್‌ನಲ್ಲಿ ಅಮಂಡಾ ಅನಿಸಿಮೊವಾಗೆ ಒಂದು ಗೇಮ್ ಕೂಡ ಬಿಟ್ಟುಕೊಡದೆ 6–0, 6–0ರಿಂದ ಜಯಿಸಿದರು. ಆ ಸೋಲಿನ ಕಣ್ಣೀರು ಒರೆಸಿಕೊಂಡ ಅನಿಸಿಮೊವಾ, ಎರಡೇ ತಿಂಗಳಲ್ಲಿ ಅಮೆರಿಕ ಓಪನ್‌ನ ಕ್ವಾರ್ಟರ್‌ಫೈನಲ್‌ನಲ್ಲಿ ಸ್ವಿಯಾಟೆಕ್ ಅವರನ್ನೇ ಸೋಲಿಸಿ ಫೈನಲ್‌ವರೆಗೂ ಹೋದರು. ವರ್ಷದ ಕೊನೆಗೆ ನಾಲ್ಕನೆಯ ಸ್ಥಾನದಲ್ಲಿದ್ದರು.

ಮೂರನೆಯವರು 2004ರಲ್ಲಿ ಹುಟ್ಟಿದ ಅಮೆರಿಕದ ಗಾಫ್. 15ರ ಬಾಲಕಿಯಾಗಿ 2019ರ ವಿಂಬಲ್ಡನ್‌ನಲ್ಲಿ ವೀನಸ್ ಅವರನ್ನೇ ಮಣಿಸಿ ಜಗತ್ತಿನ ಗಮನ ಸೆಳೆದವರು. 2023ರ ಅಮೆರಿಕ ಓಪನ್, 2025ರ ಫ್ರೆಂಚ್ ಓಪನ್ ಅವರ ಬುಟ್ಟಿಯಲ್ಲಿವೆ. ಐದನೆಯವರಾದ ಎಲೆನಾ ರಿಬಾಕಿನಾ ಮಾಸ್ಕೊದಲ್ಲಿ ಹುಟ್ಟಿ, ಆಟಕ್ಕೆ ಹಣದ ಬೆಂಬಲ ಸಿಕ್ಕಿದ್ದರಿಂದ 2018ರಲ್ಲಿ ಕಝಾಕಸ್ತಾನದ ಪರ ಆಡತೊಡಗಿದವರು. 2022ರಲ್ಲಿ ವಿಂಬಲ್ಡನ್ ಗೆದ್ದ ಅವರು, 2025ರ ನವೆಂಬರ್‌ನಲ್ಲಿ ಸೌದಿ ಅರೇಬಿಯಾದ ರಿಯಾದ್‌ನಲ್ಲಿ ನಡೆದ ವರ್ಷಾಂತ್ಯದ ಟೂರ್ನಿಯಲ್ಲಿ ಸಬಲೆಂಕಾ ಅವರನ್ನು ಮಣಿಸಿ 52 ಲಕ್ಷ ಡಾಲರ್‌ಗೂ ಹೆಚ್ಚು ಪಡೆದರು. ಮಹಿಳಾ ಟೆನಿಸ್‌ನಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡ ಬಹುಮಾನ ಅದು.

ನಮ್ಮ ನೆಲದಲ್ಲಿ

ಬಳ್ಳಾರಿಯವರಿಗೆ ಈ ಆಟ ಕೇವಲ ಪರದೆಯ ಮೇಲಿನದಲ್ಲ. 2008ರ ಮಾರ್ಚ್‌ನಲ್ಲಿ ಬೆಂಗಳೂರಿನ ಕಬ್ಬನ್ ಪಾರ್ಕ್‌ನ ರಾಜ್ಯ ಲಾನ್ ಟೆನಿಸ್ ಸಂಸ್ಥೆಯ ಅಂಗಳದಲ್ಲಿ ವೀನಸ್ ಮತ್ತು ಸೆರೆನಾ ಸೋದರಿಯರು ಸೆಮಿಫೈನಲ್‌ನಲ್ಲಿ ಎದುರುಬದುರಾಗಿದ್ದರು. ತಂಗಿ ಸೆರೆನಾ ಗೆದ್ದು, ಫೈನಲ್‌ನಲ್ಲಿ ಪ್ಯಾಟಿ ಶ್ನೈಡರ್ ಅವರನ್ನೂ ಸೋಲಿಸಿ ಪ್ರಶಸ್ತಿ ಪಡೆದರು. ನೆರೆಯ ಹೈದರಾಬಾದ್‌ನ ಸಾನಿಯಾ ಮಿರ್ಜಾ 2005ರಲ್ಲಿ ತಮ್ಮ ಊರಿನಲ್ಲೇ ಡಬ್ಲ್ಯುಟಿಎ ಪ್ರಶಸ್ತಿ ಗೆದ್ದು, 2007ರಲ್ಲಿ ಸಿಂಗಲ್ಸ್‌ನಲ್ಲಿ 27ನೇ ಸ್ಥಾನಕ್ಕೇರಿದರು. 2015ರಲ್ಲಿ ಡಬಲ್ಸ್‌ನ ಅಗ್ರಸ್ಥಾನವೂ ಒಲಿಯಿತು. 2018ರಲ್ಲಿ ತಾಯಿಯಾದ ಮೇಲೆ ಮರಳಿ ಬಂದು 2020ರ ಜನವರಿಯಲ್ಲಿ ಹೋಬಾರ್ಟ್‌ನಲ್ಲಿ ಡಬಲ್ಸ್ ಗೆದ್ದರು. 2023ರಲ್ಲಿ ನಿವೃತ್ತರಾದರು.

ಆ ಮರಳುವಿಕೆ ಅವರ ಸ್ವಂತ ಛಲದಿಂದ ಆದದ್ದು. ಹೆರಿಗೆಗೆಂದು ಆಟ ಬಿಡುವವರಿಗೆ ಗರಿಷ್ಠ 12 ತಿಂಗಳವರೆಗೆ ಸಂಬಳ ಸಹಿತ ರಜೆಯ ವ್ಯವಸ್ಥೆಯನ್ನು ಡಬ್ಲ್ಯುಟಿಎ ಪ್ರಕಟಿಸಿದ್ದು 2025ರ ಮಾರ್ಚ್‌ನಲ್ಲಿ. ಕೂಲಿಯ ಹೋರಾಟ ಸಂಘದ ಮೂಲಕ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಇದೊಂದು ನಿದರ್ಶನ.

ಮಹಿಳಾ ತಂಡಗಳ ವಿಶ್ವ ಟೂರ್ನಿಗೆ 2020ರಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್ ಎಂದು ಹೆಸರಿಡಲಾಯಿತು. ಅದರ ಪ್ಲೇ–ಆಫ್ ಪಂದ್ಯಗಳು 2025ರ ನವೆಂಬರ್‌ನಲ್ಲಿ ನಡೆದದ್ದು ಅದೇ ಕಬ್ಬನ್ ಪಾರ್ಕ್‌ನಲ್ಲಿ. ಭಾರತದ ಎದುರಿಗೆ ಸ್ಲೊವೇನಿಯಾ, ನೆದರ್ಲೆಂಡ್ಸ್ ಇದ್ದವು. ಭಾರತ ಮುಂದಿನ ಹಂತಕ್ಕೆ ಹೋಗಲಿಲ್ಲ. ಆದರೆ ಒಂದು ಡಾಲರ್‌ಗೆ ಸಹಿ ಹಾಕಿದವಳ ಹೆಸರಿನ ಕಪ್‌ಗಾಗಿ ಕನ್ನಡ ನಾಡಿನ ಅಂಕಣದಲ್ಲಿ ಭಾರತದ ಹೆಣ್ಣುಮಕ್ಕಳು ಆಡಿದ್ದು ಸಣ್ಣ ಸಂಗತಿಯಲ್ಲ.

ಮುಗಿಯದ ಲೆಕ್ಕ

ಹಾಗಾದರೆ ಲೆಕ್ಕ ಚುಕ್ತಾ ಆಯಿತೇ? ಇಲ್ಲ. ಗ್ರ್ಯಾಂಡ್ ಸ್ಲಾಮ್‌ಗಳಲ್ಲಿ ಪುರುಷರು ಐದು ಸೆಟ್ ಆಡುತ್ತಾರೆ, ಮಹಿಳೆಯರು ಮೂರು. ಹೀಗಿರುವಾಗ ಸಮಾನ ಹಣವೇಕೆ ಎಂಬ ವಾದ ಆಗಾಗ ಕೇಳಿಬರುತ್ತದೆ. ಆದರೆ ರೋಮ್ ಟೂರ್ನಿಯಲ್ಲಿ ಈಗ ಇಬ್ಬರೂ ಆಡುವುದು ಮೂರೇ ಸೆಟ್. 2025ರಲ್ಲಿ ಅಲ್ಲಿ ತವರಿನ ಜಾಸ್ಮಿನ್ ಪಾವೊಲಿನಿ ಪ್ರಶಸ್ತಿ ಗೆದ್ದಾಗಲೂ ಅವರಿಗೆ ಸಿಕ್ಕ ಮೊತ್ತ ಪುರುಷರ ವಿಜೇತನದಕ್ಕಿಂತ ಕಡಿಮೆಯೇ. ಅಂತರ ಕಿಂಗ್ ಕಾಲದ ಆರು ಪಟ್ಟಿನಿಂದ ಬಹಳ ಕುಗ್ಗಿದೆ, ಅಳಿದಿಲ್ಲ. ಪುರುಷರೂ ಮಹಿಳೆಯರೂ ಒಟ್ಟಿಗೆ ಆಡುವ ದೊಡ್ಡ ಟೂರ್ನಿಗಳಲ್ಲಿ 2027ರ ವೇಳೆಗೆ, ಉಳಿದ ಪ್ರಮುಖ ಟೂರ್ನಿಗಳಲ್ಲಿ 2033ರ ವೇಳೆಗೆ ಸಮಾನತೆ ತರುವುದಾಗಿ ಡಬ್ಲ್ಯುಟಿಎ 2023ರಲ್ಲಿ ಗುರಿ ಹಾಕಿಕೊಂಡಿತು.

ಭಾರತದ ಸಂವಿಧಾನದ 39ನೇ ವಿಧಿ ಸಮಾನ ದುಡಿಮೆಗೆ ಸಮಾನ ವೇತನದ ಮಾತನ್ನು 1950ರಲ್ಲೇ ಆಡಿತು. 1976ರಲ್ಲಿ ಅದಕ್ಕೆಂದೇ ಕಾಯ್ದೆಯೂ ಬಂತು. ಆದರೂ ಹೊಲಗದ್ದೆಯ ರೂಢಿ ಬದಲಾಗುವುದು ನಿಧಾನ. 1970ರಲ್ಲಿ ಆ ಒಂಬತ್ತು ಮಂದಿಯ ಬೆನ್ನಿಗೆ ಯಾವ ಕಾಯ್ದೆಯೂ ಇರಲಿಲ್ಲ, ಒಗ್ಗಟ್ಟು ಮಾತ್ರ ಇತ್ತು. ಸಿರುಗುಪ್ಪದ ಗದ್ದೆಯಲ್ಲಿ ಕಾಯ್ದೆ ಇದೆ. ಒಟ್ಟಾಗಿ ಕೇಳುವ ಕಾಲ ಬರಬೇಕಾಗಿದೆ.